ಎಲೆ ನೋಡಬೇಡಿ, ಕಾಂಡ ಮುಟ್ಟಿ ನೋಡಿ

ಮೂಡಿಗೆರೆ ಕಡೆ ಅರೇಬಿಕಾ ಕಾಫಿ ಇಟ್ಟುಕೊಂಡವರಿಗೆ ಸೆಪ್ಟೆಂಬರ್ ಅಂದರೆ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಹೊಕ್ಕ ಗಿಡ ಹುಡುಕುವ ತಿಂಗಳು. ಅಕ್ಟೋಬರ್‌ನಿಂದ ಆ ಹುಳ ದುಂಬಿಯಾಗಿ ಹೊರಗೆ ಬರಲು ಶುರುವಾಗುತ್ತೆ. ಅಷ್ಟರೊಳಗೆ ಹುಳ ಇರುವ ಗಿಡ ಗುರುತಿಸಿ, ಕಿತ್ತು, ಸುಟ್ಟುಬಿಡಬೇಕು. ನಮ್ಮದು ಮುಗಿದ ಮೇಲೆ ನಮ್ಮ ಆಳುಗಳೇ ಪಕ್ಕದ ತೋಟಕ್ಕೆ ಹೋದರು. ಅದು ಚಿಕ್ಕಪ್ಪನ ಮಗನ, ಅಂದರೆ ನನ್ನ ತಮ್ಮನ ತೋಟ. ನಾನೂ ಜೊತೆಗೆ ಹೋಗಿದ್ದೆ.

ನಮ್ಮ ಆಳುಗಳಲ್ಲಿ ಒಬ್ಬರಾದ ಅಜ್ಜಿ ಕಾಯಿ ತುಂಬಿಕೊಂಡಿದ್ದ ಗಿಡದ ಮುಂದೆ ನಿಂತರು. ಬುಡದಿಂದ ಮೇಲಕ್ಕೆ ಅಂಗೈ ಆಡಿಸಿದರು. ‘ಇದು ಹೋಯ್ತು’ ಅಂದರು.

‘ಏನಜ್ಜಿ, ಇದನ್ನೂ ಕೀಳೋದಾ? ಎಲೆ ನೋಡಿ, ಎಷ್ಟು ಹಸಿರಾಗಿದೆ!’ ಅಂದ ತಮ್ಮ.

‘ಎಲೆ ನೋಡ್ಬೇಡಿ ಅಯ್ಯ. ಕಾಂಡ ಮುಟ್ಟಿ ನೋಡಿ.’

ಮುಟ್ಟಿದ. ಏನೂ ಗೊತ್ತಾಗಲಿಲ್ಲ ಅಂದ. ಆಗ ಅಜ್ಜಿ ಅವನ ಕೈಯನ್ನೇ ಹಿಡಿದು, ತೋರುಬೆರಳನ್ನು ತೊಗಟೆಯ ಮೇಲೆ ಒಂದು ಕಡೆ ಒತ್ತಿದರು. ಅಲ್ಲಿ ಸಣ್ಣಗೆ ಉಬ್ಬಿದ ಗೆರೆ ಇತ್ತು, ಕಾಂಡದ ಸುತ್ತ ಓರೆಯಾಗಿ ಹೋಗಿತ್ತು. ಕತ್ತಿಯ ತುದಿಯಲ್ಲಿ ತೊಗಟೆ ಎಬ್ಬಿಸಿದರೆ ಒಳಗೆ ಸುರಂಗ. ಹುಳ ತಿಂದು ಬಿಟ್ಟ ಮರದ ಹುಡಿ ಅದರೊಳಗೆ ಗಟ್ಟಿಯಾಗಿ ತುರುಕಿಕೊಂಡಿತ್ತು. ಇನ್ನಷ್ಟು ಸೀಳಿದಾಗ ಹುಳವೂ ಸಿಕ್ಕಿತು. ತಲೆ ಕಡೆ ದಪ್ಪ, ಬಾಲದ ಕಡೆ ಸಪೂರ, ಮೈಯೆಲ್ಲ ಬಿಳಿ.

ತೋಟದ ಕೆಲಸದವರು ಯಜಮಾನನ ಕೈ ಹಿಡಿದು ತೋರಿಸಿದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ. ಅಜ್ಜಿಗೆ ಆ ಕ್ಷಣಕ್ಕೆ ಅವನು ಯಜಮಾನ ಅನ್ನೋದೇ ಮರೆತುಹೋಗಿತ್ತು ಅನಿಸುತ್ತೆ. ಗಿಡ ಒಂದೇ ಕಂಡಿದ್ದು. ಅದು ನನಗೆ ತುಂಬಾ ಇಷ್ಟವಾಯಿತು.

ತಮ್ಮ ಒಳ್ಳೆಯವನು, ದುಡಿಯುವವನು. ಆದರೆ ಅವಸರ ಜಾಸ್ತಿ. ಕಾಳುಮೆಣಸಿಗೆ ಬೆಲೆ ಬಂತು, ಕಾಫಿಗೂ ಬಂತು ಅಂತ ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯೋದು, ಮಾಡಿಸುವಾಗ ಅತ್ತಿ, ಬಸರಿ ಮರಗಳನ್ನು ಬೋಳು ಮಾಡಿಸಿದ. ಹಾಲವಾಣವಂತೂ ಒಂದನ್ನೂ ಉಳಿಸಲಿಲ್ಲ. ಈಗ ಅಲ್ಲಿ ನಿಂತಿರುವುದು ಮೆಣಸು ಹಬ್ಬಿದ ಸಿಲ್ವರ್ ಓಕ್ ಮಾತ್ರ. ಕೇಳಿದರೆ, ‘ಅಕ್ಕಾ, ಬ್ರೆಜಿಲ್‌ನಲ್ಲಿ ನೆರಳೇ ಇಲ್ದೆ ಬೆಳೀತಾರಲ್ಲ’ ಅಂತಾನೆ. ಬೆಳೀತಾರೆ, ನಿಜ. ಆದರೆ ಬ್ರೆಜಿಲ್‌ನಲ್ಲಿ ಈ ಬಿಳಿ ಕಾಂಡಕೊರಕ ಇಲ್ಲ. ಇದು ನಮ್ಮ ಏಷ್ಯಾದ ಹುಳ. ಇದರ ದುಂಬಿಗೆ ಬಿಸಿಲು ಅಂದರೆ ಹಬ್ಬ. ಬಿಸಿಲೇರಿದಂತೆ ಕಾಂಡದ ಮೇಲೆ ಓಡಾಡಿ, ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತೆ. ನೆರಳು ತೆಗೆದವನು ಕರೆದು ಕೂರಿಸಿದ ಹಾಗೆ. ರೊಬಸ್ಟಾಕ್ಕೆ ಇದರ ಕಾಟ ಅಷ್ಟಾಗಿ ಇಲ್ಲ, ಸಾಯೋದು ಅರೇಬಿಕಾ.

ಹಾಗಂತ ಕತ್ತಲು ಕವಿಯುವಷ್ಟು ನೆರಳು ಇರಲಿ ಅಂತ ನಾನು ಹೇಳುತ್ತಿಲ್ಲ. ನೆರಳು ದಟ್ಟವಾದರೆ ಕಾಯಿ ಕಟ್ಟಲ್ಲ, ಕೊಳೆರೋಗ ಬರುತ್ತೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ನಮ್ಮ ದೇಶದಲ್ಲಿ ಮೊದಲು ಕಂಡ, ಕಾಯಿ ಕೊರೆಯುವ ಬೆರ್ರಿ ಬೋರರ್‌ಗೆ ಅಂಥ ತಂಪು ಜಾಗವೇ ಬೇಕು. ಒಂದು ಹುಳಕ್ಕೆ ಬಿಸಿಲು ಬೇಕು, ಇನ್ನೊಂದಕ್ಕೆ ನೆರಳು ಬೇಕು. ಇವೆರಡರ ನಡುವೆ ತೋಟ ಉಳಿಸಿಕೊಳ್ಳೋದೇ ನಮ್ಮ ಕೆಲಸ. ನಮ್ಮಂಥ ಸಾವಯವದವರಿಗೆ ಇದು ಇನ್ನೂ ಮುಖ್ಯ. ಹುಳ ಕಾಂಡದ ಒಳಗೆ ಸೇರಿದ ಮೇಲೆ ನಮ್ಮ ಹತ್ತಿರ ಮದ್ದಿಲ್ಲ. ಸಡಿಲವಾದ ತೊಗಟೆ ಉಜ್ಜಿ ತೆಗೆಯೋದು, 200 ಲೀಟರ್ ನೀರಿಗೆ 20 ಕೆ.ಜಿ. ಸುಣ್ಣ ಕಲಸಿ ಕಾಂಡಕ್ಕೆ ಹೊಡೆಯೋದು, ವಾಸನೆಯಿಂದ ದುಂಬಿ ಸೆಳೆಯುವ ಮೋಹಕ ಬಲೆ ಕಟ್ಟೋದು, ಗಿಡ ಕೀಳೋದು. ಇಷ್ಟೇ. ಇದೆಲ್ಲಕ್ಕಿಂತ ಮೊದಲು ಮರ.

ಜಗಳ ಆಗಿದ್ದು ಕೀಳುವ ವಿಷಯಕ್ಕೆ. ‘ಕಾಯಿ ಇದೆ ಅಕ್ಕಾ, ಕೊಯ್ಲು ಮುಗೀಲಿ. ಆಮೇಲೆ ನಾನೇ ಕೀಳಿಸ್ತೀನಿ’ ಅಂದ. ಅವನ ಸಂಕಟ ನನಗೆ ಅರ್ಥವಾಗುತ್ತೆ. ಬ್ಯಾಂಕಿನ ಸಾಲ ಇದೆ, ಕಾಯಿ ಹೊತ್ತ ಗಿಡ ಕೀಳೋದು ಯಾರಿಗೂ ಸುಲಭ ಅಲ್ಲ. ಆದರೆ ಕೊಯ್ಲು ಮುಗಿಯುವ ಹೊತ್ತಿಗೆ ದುಂಬಿ ಹೊರಬಂದು ಇನ್ನೆಷ್ಟೋ ಗಿಡಕ್ಕೆ ಮೊಟ್ಟೆ ಇಟ್ಟು ಆಗಿರುತ್ತೆ. ಅದಕ್ಕೆ ಬೇಲಿ ಗೊತ್ತಾಗಲ್ಲ, ನಮ್ಮ ಕಡೆಗೂ ಬರುತ್ತೆ.

ರಾತ್ರಿ ಮಲಗಿದರೂ ಅದೇ ಮಾತು. ಎಲೆ ನೋಡ್ಬೇಡಿ ಅಯ್ಯ. ಈಗ ಕಾಫಿಗೆ ಒಳ್ಳೆ ಬೆಲೆ ಇದೆ, ಊರಲ್ಲಿ ಹೊಸ ಜೀಪು, ಹೊಸ ಮನೆ. ಎಲ್ಲ ಹಸಿರಾಗೇ ಕಾಣುತ್ತೆ. ಒಳಗೆ ಎಷ್ಟು ತೋಟ ಟೊಳ್ಳಾಗಿದೆ ಅಂತ ಮುಟ್ಟಿ ನೋಡುವವರು ಯಾರು? ಬೆಲೆ ಇಳಿದಾಗ ಮರ ಕಡಿದು ಮಾರಿದರು, ಏರಿದಾಗ ಇಳುವರಿಗೆ ಅಂತ ಕಡಿದರು. ಎರಡಕ್ಕೂ ಮರವೇ ಸಿಕ್ಕಿತು.

ಇನ್ನೊಂದು ಸಂಗತಿ ಹೇಳಲೇಬೇಕು. ಔಷಧಿ ಹೊಡೆಯುವ ಗಂಡಾಳಿಗೆ ನಮ್ಮ ಕಡೆ ಸಂಬಳ ಜಾಸ್ತಿ. ಅಂಗೈಯಲ್ಲಿ ಮುಟ್ಟಿ ಹುಳ ಹುಡುಕುವ ಹೆಂಗಸಿಗೆ ಕಮ್ಮಿ. ಕೇಳಿದರೆ ಅದು ‘ಹಗುರ ಕೆಲಸ’ ಅಂತಾರೆ. ಒಂದು ಗಿಡ ತಪ್ಪಿಸಿಕೊಂಡರೆ ಸುತ್ತಲಿನ ಗಿಡವೆಲ್ಲ ಹೋಗುತ್ತೆ, ಅದು ಹಗುರ ಕೆಲಸವಾ? ಅಜ್ಜಿಗೆ ಕಣ್ಣು ಮಂಜಾಗಿದೆ, ಅವರ ಮೊಮ್ಮಕ್ಕಳು ಬೆಂಗಳೂರು ಸೇರಿದ್ದಾರೆ. ಆ ಗೆರೆ ಗುರುತಿಸೋದನ್ನು ಕಲಿಯಲು ಯಾರೂ ಬಂದಿಲ್ಲ. ಈ ಬಟವಾಡೆಯಿಂದ ಬೋರರ್ ಹುಡುಕುವ ಹೆಂಗಸರಿಗೂ ಗಂಡಾಳಿನಷ್ಟೇ ಕೊಡಬೇಕು ಅಂತ ಮನೆಯಲ್ಲಿ ಹೇಳಿದ್ದೇನೆ. ಇಬ್ಬರು ಹುಡುಗಿಯರನ್ನು ಅಜ್ಜಿಯ ಜೊತೆ ಹಾಕಿದ್ದೇನೆ.

ತಮ್ಮ ಕೊನೆಗೆ ಬೇಲಿ ಪಕ್ಕದ ಸಾಲು ಕೀಳಲು ಒಪ್ಪಿದ. ಒಳಗಿನದಕ್ಕೆ ಇನ್ನೂ ಇಲ್ಲ. ಮುಂದಿನ ಜೂನ್‌ಗೆ ಹಾಲವಾಣದ ಗೂಟ ಕೊಡ್ತೀಯಾ ಅಂತ ಮಾತ್ರ ಕೇಳಿದ್ದಾನೆ. ಎಷ್ಟು ಬೇಕಾದರೂ ಕೊಡ್ತೀನಿ. ಆದರೆ ಅದು ಬೇರು ಬಿಟ್ಟು ನೆರಳು ಕೊಡುವವರೆಗೆ ದುಂಬಿ ಕಾಯಲ್ಲ, ನಾಳೆ ಮತ್ತೆ ಹೋಗಿ ಕೇಳುತ್ತೇನೆ.