ಪೆನ್ಸಿಲ್ ಚುಕ್ಕಿ

ಶಾಲೆಯ ಸಂಚಿಕೆಗೆ ಒಂದು ನೆನಪು ಬರೆದುಕೊಡಿ ಅಂತ ನಾನು ಓದಿದ ಶಾಲೆಯಿಂದ ಫೋನ್ ಬಂದಾಗ ನಾನು ಒಂಬತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಕೈಯಲ್ಲಿ ಪೆನ್ಸಿಲ್ಲಿತ್ತು. ಇನ್ನೇನು ಬರೆಯಲಿ? ನಮ್ಮ ಗಣಿತದ ಮೇಷ್ಟ್ರ ಪೆನ್ಸಿಲಿನ ಕತೆಯನ್ನೇ ಬರೆಯುತ್ತೇನೆ ಅಂದೆ.

ನಾನು ಎಂಟನೇ ತರಗತಿಗೆ ಸೇರಿದ್ದು 1993ರ ಜೂನ್‌ನಲ್ಲಿ. ತಿಪಟೂರು ಸೀಮೆಯವರಿಗೆ ಶಾಲೆಯ ವಿವರ ಹೇಳಬೇಕಿಲ್ಲ. ಹಂಚಿನ ಕೊಠಡಿ, ಸುತ್ತ ತೆಂಗಿನ ತೋಟ, ಗರಿ ಬಿದ್ದರೆ ಪಾಠ ಒಂದು ನಿಮಿಷ ನಿಲ್ಲುತ್ತಿತ್ತು. ಮಕ್ಕಳೆಲ್ಲ ಕೊಬ್ಬರಿ ಮನೆಯವರು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ ಕೊಬ್ಬರಿಯಾಗಿ ಮಂಡಿಗೆ ಹೋದ ಮೇಲೆಯೇ ನಮಗೆ ಹೊಸ ನೋಟ್‌ಬುಕ್ಕು.

ಮೇಷ್ಟ್ರು ಮೊದಲ ಕಿರುಪರೀಕ್ಷೆಯ ಪೇಪರ್ ಹಂಚಿದ ದಿನ ತರಗತಿಯಲ್ಲಿ ಗುಜುಗುಜು ಎದ್ದಿತು. ಯಾರ ಪೇಪರಿನಲ್ಲೂ ಅಂಕವಿರಲಿಲ್ಲ. ಕೆಂಪು ಗೀಟಿಲ್ಲ, ಕತ್ತರಿ ಗುರುತಿಲ್ಲ. ತಪ್ಪಿದ್ದ ಸಾಲಿನ ನೇರಕ್ಕೆ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಚುಕ್ಕಿ, ಅಷ್ಟೆ.

‘ಸಾರ್, ಮಾರ್ಕ್ಸೇ ಹಾಕಿಲ್ವಲ್ಲ?’

‘ಹಾಕಿದೀನಿ ಕಣಯ್ಯ. ನನ್ನ ಪುಸ್ತಕದಲ್ಲಿದೆ. ಶನಿವಾರ ಹೇಳ್ತೀನಿ. ಅಷ್ಟರಲ್ಲಿ ಚುಕ್ಕಿ ಯಾಕಿಟ್ಟೆ ಅಂತ ನೀನು ಹೇಳು.’

ಇದಕ್ಕೊಂದು ನಲವತ್ತು ಪುಟದ ನೋಟ್‌ಬುಕ್ಕು ಬೇರೆ ತರಬೇಕಿತ್ತು. ಎಡಗಡೆ ಪುಟದಲ್ಲಿ ತಪ್ಪು ಮಾಡಿದ ಲೆಕ್ಕ ಹೇಗಿತ್ತೋ ಹಾಗೇ, ಬಲಗಡೆ ಸರಿಯಾದದ್ದು, ಅದರ ಕೆಳಗೆ ಯಾಕೆ ತಪ್ಪಾಯಿತು ಅನ್ನುವುದು ಒಂದೇ ವಾಕ್ಯದಲ್ಲಿ. ಇಷ್ಟೆಲ್ಲ ತಿದ್ದಿದ್ದಕ್ಕೆ ಅರ್ಧ ಅಂಕವೂ ಜಾಸ್ತಿ ಸಿಗುತ್ತಿರಲಿಲ್ಲ. ನಮಗೆ ಅವರ ಮೇಲೆ ಕೋಪವೇ ಇತ್ತು, ಈಗ ಮುಚ್ಚಿಡುವುದೇಕೆ. ಪಕ್ಕದ ಸೆಕ್ಷನ್ನಿನ ಹುಡುಗರು ಪೇಪರ್ ಕೊಟ್ಟ ದಿನವೇ ‘ನಿಂಗೆಷ್ಟು, ನಂಗೆಷ್ಟು’ ಅಂತ ಮುಗಿಸಿ ಆಡಲು ಹೋಗುತ್ತಿದ್ದರು. ನಾವು ಚುಕ್ಕಿ ಹುಡುಕುತ್ತಾ ಕೂರುತ್ತಿದ್ದೆವು. ನಮ್ಮಪ್ಪನಂತೂ ನಾನು ಅಂಕ ಮುಚ್ಚಿಡುತ್ತಿದ್ದೇನೆ ಅಂತಲೇ ತಿಳಿದು ಎರಡು ಸಲ ಶಾಲೆಯ ತನಕ ಬಂದಿದ್ದ.

ಒಂಬತ್ತನೇ ತರಗತಿಯಲ್ಲಿ ಒಂದು ಪೇಪರಿಗೆ ಐದು ಚುಕ್ಕಿ ಬಿತ್ತು. ಐದು ಬೇರೆ ಬೇರೆ ಲೆಕ್ಕ. ಗಣಿತವೇ ನನಗಲ್ಲ ಅಂದುಕೊಂಡೆ. ಕೊನೆಯ ಪುಟದಲ್ಲಿ ಮೇಷ್ಟ್ರು ಬರೆದಿದ್ದರು: ‘ಚುಕ್ಕಿ ಐದು, ತಪ್ಪು ಒಂದೇ. ಹುಡುಕು.’

ರಾತ್ರಿ ಬುಡ್ಡಿ ದೀಪದಲ್ಲಿ (ಕರೆಂಟು ಇತ್ತು, ಇರುತ್ತಿರಲಿಲ್ಲ) ಕೂತು ಹುಡುಕಿದಾಗ ಸಿಕ್ಕಿತು. ಆವರಣದ ಹಿಂದೆ ಋಣ ಚಿಹ್ನೆ ಇದ್ದಲ್ಲೆಲ್ಲ ನಾನು ಅದನ್ನು ಒಳಗಿನ ಮೊದಲ ಪದಕ್ಕೆ ಮಾತ್ರ ತಗುಲಿಸಿ, ಎರಡನೆಯ ಪದವನ್ನು ಇದ್ದಂತೆಯೇ ಇಳಿಸಿಬಿಟ್ಟಿದ್ದೆ. ಐದೂ ಕಡೆ ಅದೇ. ಆವತ್ತೇ 25ಕ್ಕೆ 16 ಅಂತ ಕೈಗೆ ಕೊಟ್ಟಿದ್ದರೆ ನಾನು ಆ 16ನ್ನೇ ನೋಡಿಕೊಂಡು ಇರುತ್ತಿದ್ದೆ. ಹೋದ ಒಂಬತ್ತು ಅಂಕವೂ ಒಂದೇ ತೂತಿನಿಂದ ಸೋರಿದ್ದು ಅಂತ ತಿಳಿಯುತ್ತಲೇ ಇರಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಜಾಣ ಅಂತ ಆಗುತ್ತಿತ್ತು. ನಾನು ಬಲಗಡೆ ಪುಟದಲ್ಲಿ ಪಠ್ಯಪುಸ್ತಕದ ವಾಕ್ಯ ಬರೆದೆ: ‘ಆವರಣದ ಹಿಂದೆ ಋಣ ಚಿಹ್ನೆ ಇದ್ದರೆ ಒಳಗಿನ ಚಿಹ್ನೆಗಳೆಲ್ಲ ಬದಲಾಗುತ್ತವೆ.’ ನನ್ನ ಬೆಂಚಿನ ಗೆಳೆಯ ಎಂದಿನಂತೆ ಅದನ್ನು ಅಕ್ಷರ ಬಿಡದೆ ಇಳಿಸಿಕೊಂಡ. ಅವನಿಗೆ 25ಕ್ಕೆ ಎಂಟು ದಾಟಿದ್ದನ್ನು ನಾನು ಕಂಡಿರಲಿಲ್ಲ. ಮೇಷ್ಟ್ರು ಎರಡೂ ಪುಸ್ತಕ ಒಟ್ಟಿಗೆ ಹಿಡಿದು ಇಬ್ಬರನ್ನೂ ಬೋರ್ಡಿನ ಹತ್ತಿರ ಕರೆದರು. ಏಟು ಬೀಳುತ್ತದೆ ಅಂತ ಅಂಗೈ ಉಜ್ಜಿಕೊಂಡು ಹೋದೆವು.

‘ಯಾಕೆ ಬದಲಾಗ್ತವೆ?’ ಅಂತ ಕೇಳಿದ್ದು ನನ್ನನ್ನು.

‘ರೂಲು ಸಾರ್.’

‘ಯಾರು ಮಾಡಿದ್ದು? ಪಂಚಾಯ್ತಿಯವರಾ?’

ನನಗೆ ಬಾಯಿ ಕಟ್ಟಿತು. ಆಗ ಗೆಳೆಯ ಬಾಯಿಬಿಟ್ಟ. ‘ಲೇ, ನಿಮ್ಮಪ್ಪ ಮಂಡಿಗೆ ಐನೂರು ಸಾಲ ಕೊಡ್ಬೇಕು ಅಂತ ಇಟ್ಕ. ಮುನ್ನೂರು ರೂಪಾಯಿ ಕೊಬ್ರಿ ತಂದು ಹಾಕ್ದ. ಅದ್ರಲ್ಲಿ ಇಪ್ಪತ್ತು ಕಮಿಷನ್ ಮುರ್ಕಂಡ್ರು. ಸಾಲ ಎಷ್ಟುಳೀತು?’

‘ಇನ್ನೂರಿಪ್ಪತ್ತು.’

‘ಹ್ಞಾಂ. ಮುರ್ಕಂಡ ಇಪ್ಪತ್ತು ಮತ್ತೆ ನಿಮ್ಮಪ್ಪನ ತಲೆ ಮೇಲೇ ಬಿತ್ತಲ್ಲ. ಅದಕ್ಕೇ ಪ್ಲಸ್ಸು. ನಿನ್ನ ಲೆಕ್ಕ ಹಿಡಿದ್ರೆ ನೂರೆಂಬತ್ತೇ ಉಳೀಬೇಕು. ಅಂಥ ದಲ್ಲಾಳಿ ಎಲ್ಲವ್ನೆ, ತೋರ್ಸು, ನಾಳೆಯಿಂದ ನಾವೂ ಅಲ್ಲಿಗೇ ಹಾಕ್ತೀವಿ!’

ಇಡೀ ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಬೋರ್ಡಿನ ಮೇಲೆ 500 − (300 − 20) ಅಂತ ಆವರಣ ಹಾಕಿ ಬರೆದು, ಸೀಮೆಸುಣ್ಣ ಅವನ ಕೈಗೆ ಕೊಟ್ಟು, ತಾವು ಹೋಗಿ ಅವನ ಜಾಗದಲ್ಲಿ ಕೂತರು. ಆಮೇಲೆ ಅವರ ಪ್ರಶ್ನೆಗಳಲ್ಲಿ ಮಂಡಿ, ಬಡ್ಡಿ, ಹಮಾಲಿ ಎಲ್ಲ ಬರತೊಡಗಿದವು. ಚುಕ್ಕಿ ನಮಗೆ ಮಾತ್ರ ಅಂತ ತಿಳಿದಿದ್ದೆವು. ಆವತ್ತು ಅವರೂ ತಮ್ಮ ಪಾಠಕ್ಕೆ ಒಂದು ಚುಕ್ಕಿ ಇಟ್ಟುಕೊಂಡಿರಬೇಕು. ಗೆಳೆಯ ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಬೇಕಾದ 35ನ್ನು ದಾಟಿದ, ಜಾಸ್ತಿ ಏನೂ ದಾಟಲಿಲ್ಲ. ಸಮೀಕರಣ ಬಂತು, ರೇಖಾಗಣಿತದ ಪ್ರಮೇಯ ಕೊನೆಗೂ ಬರಲಿಲ್ಲ. ಮೇಷ್ಟ್ರ ಪದ್ಧತಿ ಎಲ್ಲರಿಗೂ ಎಲ್ಲದಕ್ಕೂ ಮದ್ದಾಯಿತು ಅಂತ ನಾನು ಹೇಳಲಾರೆ.

ಮುಂದೆ ಓದಿದ ಒಂದು ಕಾಲೇಜಿನಲ್ಲಿ ಅಂಕದ ಇಳಿಕೆ ಕ್ರಮದಲ್ಲಿ ಪೇಪರ್ ಜೋಡಿಸಿಕೊಂಡು ಬಂದು ಹೆಸರು ಕೂಗುತ್ತಿದ್ದರು. ಕೊನೆಯ ಹತ್ತು ಪೇಪರ್ ಬರುವ ಹೊತ್ತಿಗೆ ಹಿಂದಿನ ಬೆಂಚು ತಲೆ ಎತ್ತುತ್ತಿರಲಿಲ್ಲ. ಅಲ್ಲಿ ಅಂಚು ಖಾಲಿಯೇ ಇರುತ್ತಿತ್ತು.

ನಾನೂ ಗಣಿತದ ಮೇಷ್ಟ್ರಾದೆ. ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಗೊತ್ತಾಯಿತು, ಇಸ್ರೇಲಿನ ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದರಂತೆ. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಬರೀ ಟಿಪ್ಪಣಿ ಸಿಕ್ಕವರು. ಎರಡೂ ಸಿಕ್ಕವರಲ್ಲಿ ಟಿಪ್ಪಣಿಯ ಲಾಭ ಕಾಣಲಿಲ್ಲ. 1998ರಲ್ಲಿ ಲಂಡನ್ನಿನ ಪಾಲ್ ಬ್ಲ್ಯಾಕ್, ಡೈಲನ್ ವಿಲಿಯಂ ಇಂಥ ನೂರಾರು ಅಧ್ಯಯನಗಳನ್ನು ಒಟ್ಟುಮಾಡಿ, ಕಲಿಯುತ್ತಿರುವಾಗಲೇ ಮಾಡುವ ಮೌಲ್ಯಮಾಪನದ ಬಲ ಎಷ್ಟು ಅಂತ ತೋರಿಸಿದರು. ನಮ್ಮ ಮೇಷ್ಟ್ರು ಇದ್ಯಾವುದನ್ನೂ ಓದಿದವರಲ್ಲ. ಅಂಕ ಕಂಡ ಹುಡುಗ ಪೇಪರ್ ಮಡಚುತ್ತಾನೆ ಅನ್ನುವುದನ್ನು ಕಣ್ಣಾರೆ ಕಂಡಿದ್ದರು.

ಈಗ ಸಿಸಿಇ, ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಇದೆ. ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿಯ 625 ಅಂಕವೂ ಆ ಮೂರು ಗಂಟೆಗಳ ಪರೀಕ್ಷೆಗಳಲ್ಲೇ ತೀರ್ಮಾನವಾಗುತ್ತಿತ್ತು. 2014–15ರಿಂದ ಪ್ರತಿ ವಿಷಯದ 100ರಲ್ಲಿ 20, ಪ್ರಥಮ ಭಾಷೆಯ 125ರಲ್ಲಿ 25 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಯುತ್ತಿರುವಾಗಲೇ ಮಾಡುವ) ಮೌಲ್ಯಮಾಪನ ಮಾಡಿ, ಚಟುವಟಿಕೆ ಮತ್ತು ಕಿರುಪರೀಕ್ಷೆಗಳ ಅಂಕ ಕೂಡಿಸಿ, ಇಷ್ಟಕ್ಕೆ ಇಳಿಸುತ್ತೇವೆ. ಉದ್ದೇಶ ನಮ್ಮ ಮೇಷ್ಟ್ರದ್ದೇ. ಆದರೆ ಕೆಲಸ ಮಾಡುವವನಾಗಿ ಹೇಳುತ್ತೇನೆ, ಹೆಚ್ಚಿನ ಹೊತ್ತು ಹೋಗುವುದು ಇಳಿಸುವ ಲೆಕ್ಕಕ್ಕೆ. ಷರಾ ಕಾಲಂನಲ್ಲಿ ‘ಉತ್ತಮ’, ‘ಇನ್ನೂ ಪ್ರಯತ್ನ ಬೇಕು’ ಅಂತ ಬರೆದು ಮುಂದಿನ ಹೆಸರಿಗೆ ಹೋಗುತ್ತೇವೆ. ಎಲ್ಲಿ ಪ್ರಯತ್ನ, ಯಾವ ಸಾಲಿನಲ್ಲಿ?

ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೂ ಹೋಗುತ್ತೇನೆ. ಕೀ ಉತ್ತರ ನೋಡಿಕೊಂಡು ಹಂತ ಹಂತಕ್ಕೆ ಅಂಕ ಕೊಡಬೇಕು, ಅದು ಸರಿಯೇ. ಅಲ್ಲಿ ಎದುರಿಗೆ ಹೆಸರಿಲ್ಲದ, ಊರಿಲ್ಲದ ಪತ್ರಿಕೆ. ಆವರಣದ ಅದೇ ಹಳೇ ತಪ್ಪು ಕಂಡಾಗ ಬೆರಳು ಅಂಚಿನ ಕಡೆ ಹೋಗುತ್ತದೆ. ಆ ಮಗುವಿಗೆ ನಾನು ಏನನ್ನೂ ಹೇಳುವಂತಿಲ್ಲ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಬರೆಯುವ ಅವಕಾಶ ಬಂತು, ಒಳ್ಳೆಯದಾಯಿತು. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವಿನ ಆ ಕೆಲವು ವಾರಗಳಲ್ಲಿ ‘ಚುಕ್ಕಿ ಐದು, ತಪ್ಪು ಒಂದೇ’ ಅಂತ ಹೇಳುವವರು ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು.

ನಮ್ಮ ತರಗತಿಯಲ್ಲಿ ನಾನೂ ಅಂಕವನ್ನು ಶನಿವಾರಕ್ಕೆ ಇಡುತ್ತೇನೆ. ಮೊನ್ನೆ ಒಬ್ಬ ಅಪ್ಪ ಸಿಟ್ಟಾಗಿ ಬಂದಿದ್ದರು. ಕೂರಿಸಿ ಟೀ ಕೊಟ್ಟೆ, ಮಗಳ ನೋಟ್‌ಬುಕ್ಕಿನ ಎಡಗಡೆ ಪುಟ ತೋರಿಸಿದೆ. ಪೂರಾ ಒಪ್ಪಿದರು ಅನ್ನಿಸಲಿಲ್ಲ.

ಈ ಬರಹವನ್ನು ಮೊದಲು ಮೇಷ್ಟ್ರಿಗೆ ಕೊಟ್ಟು ಬಂದೆ. ವಯಸ್ಸು ಎಂಬತ್ತು ದಾಟಿದೆ, ಕಣ್ಣಿನ ಆಪರೇಷನ್ ಆಗಿದೆ. ನಾಲ್ಕು ದಿನ ಬಿಟ್ಟು ಹೋದಾಗ ಹಾಳೆ ವಾಪಸ್ ಕೊಟ್ಟರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಅಂಚಿನಲ್ಲಿ ಮೂರು ಚುಕ್ಕಿ. ಒಂದು ಕಾಗುಣಿತದ್ದು. ಇನ್ನೊಂದು, ನಾನು ಕರಡಿನಲ್ಲಿ ಗೆಳೆಯನ ಮಾತಿನ ಅರ್ಧವನ್ನು ನನ್ನದೇ ಜಾಣತನ ಅನ್ನುವಂತೆ ಬರೆದುಕೊಂಡಿದ್ದದ್ದು. ಅವೆರಡನ್ನೂ ತಿದ್ದಿದ್ದೇನೆ. ಮೂರನೆಯದು ಯಾಕಿದೆ ಅಂತ ಇನ್ನೂ ಹೊಳೆದಿಲ್ಲ. ಸಂಚಿಕೆಯವರು ನಾಳೆಯೇ ಬೇಕು ಅನ್ನುತ್ತಿದ್ದಾರೆ.