ಹಳ್ಳದ ದಂಡೆಯ ಮಾವಿನ ಮರ ಸೌದೆಯಾದ ಬಗೆ

ಸಾಗರದ ಕಡೆ ಅಡಿಕೆ ಬೆಳೆಯುವ ಮನೆಗಳಿಗೆ ಸೌದೆ ಸಣ್ಣ ವಿಷಯ ಅಲ್ಲ. ಬಚ್ಚಲ ಹಂಡೆಗೆ ವರ್ಷವಿಡೀ ಬೇಕು. ನವೆಂಬರ್ ಹೊತ್ತಿಗೆ ಅಡಿಕೆ ಸುಲಿದು ಬೇಯಿಸುವ ಕೆಲಸ ಶುರುವಾದರೆ ಒಲೆ ಆರಿಸುವ ಮಾತೇ ಇಲ್ಲ. ಅದಕ್ಕೆ ಪುಳ್ಳೆ, ಚಕ್ಕೆ ಹಾಕಿದರೆ ಭಗ್ಗಂತ ಉರಿದು ಮುಗಿದೇ ಹೋಗುತ್ತದೆ. ನಿಧಾನಕ್ಕೆ ಕೆಂಡವಾಗುತ್ತಾ ಚೊಗರನ್ನು (ಅಡಿಕೆ ಬೇಯಿಸುವ ನೀರನ್ನು) ಒಂದೇ ಸಮ ಕುದಿಸುವ ದಪ್ಪ ಕುಂಟೆ ಬೇಕು. ದಪ್ಪ ಕುಂಟೆ ಸಿಗುವುದು ದಪ್ಪ ಮರದಿಂದ.

ಕಳೆದ ಮಳೆಗಾಲದ ಗಾಳಿಗೆ ನಮ್ಮ ತೋಟದ ಕೆಳಗೆ, ಹಳ್ಳದ ದಂಡೆಯಲ್ಲಿದ್ದ ಅಪ್ಪೆಮಿಡಿ ಮರ ಬುಡಸಮೇತ ಮಗುಚಿ ಬಿತ್ತು. ಇಬ್ಬರು ಕೈಚಾಚಿದರೂ ತಬ್ಬಲಾಗದ ಮರ. ಮಿಡಿಗೆ ಜೀರಿಗೆಯ ಪರಿಮಳ. ಅಂಥ ಮರ ಹೋಯಿತಲ್ಲ ಎಂದು ಮನೆಯವರೆಲ್ಲ ತುಂಬಾ ಬೇಜಾರು ಮಾಡಿಕೊಂಡೆವು. ಎಲೆ ಬಾಡುವ ಮೊದಲೇ ಕಸಿಗೆ ಕಡ್ಡಿ ತೆಗೆದದ್ದೊಂದು ಸಮಾಧಾನ. ಮರ ಬಿದ್ದದ್ದು ನಮ್ಮದೇ ಜಾಗದಲ್ಲಿ. ಆದರೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆಯಲ್ವಾ, ಮೊದಲು ಅರಣ್ಯ ಇಲಾಖೆಗೆ ತಿಳಿಸಿ ಆಮೇಲೆಯೇ ಕೈ ಹಾಕಿದ್ದು. ತೋಟಕ್ಕೆ ಸೊಪ್ಪು ತರುವ ಕಾಡಿನ, ಅಂದರೆ ಸೊಪ್ಪಿನ ಬೆಟ್ಟದ ಮರವಾದರೆ ಇನ್ನೂ ಎಚ್ಚರ ಬೇಕು. ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ಸೌದೆಯ ಸವಲತ್ತು ಮಾತ್ರ, ಒಡೆತನ ಅಲ್ಲ.

ಕೊಯ್ಯಲು ಇಳಿದದ್ದು ಮಳೆ ಬಿಟ್ಟ ಮೇಲೆ. ಒದ್ದೆ ದರೆಯ ಮೇಲೆ ಮರ ಕೊಯ್ಯುವ ಮಿಷನ್ (ಚೈನ್‌ಸಾ) ಹಿಡಿದು ನಿಲ್ಲುವುದು ಬೇಡವೇ ಬೇಡ.

ಬುಡಸಮೇತ ಬಿದ್ದ ಮರದಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಬೇರು. ಮಣ್ಣು, ಕಲ್ಲು ಹೊತ್ತುಕೊಂಡು ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ಅದರ ಹಿಂದೆ ದೊಡ್ಡ ಗುಂಡಿ. ಮಕ್ಕಳಿಗೆ ಆ ಗುಂಡಿ ಕಂಡರೆ ಸಾಕು, ಇಳಿದೇ ಬಿಡುತ್ತಾರೆ. ಆದರೆ ಆ ಬೇರನ್ನು ಎತ್ತಿ ಹಿಡಿದಿರುವುದು ಮಲಗಿದ ಬೊಡ್ಡೆಯ ಭಾರ. ಬೊಡ್ಡೆ ಕೊಯ್ದು ಬೇರೆ ಮಾಡಿದ ಕ್ಷಣ ಬೇರಿನ ಗೋಡೆ ಮತ್ತೆ ಗುಂಡಿಗೆ ಕೂರಬಹುದು. ಒಮ್ಮೊಮ್ಮೆ ನಿಧಾನಕ್ಕೆ, ಒಮ್ಮೊಮ್ಮೆ ಧಡಾರನೆ. ಗುಂಡಿಯಲ್ಲಿ ಯಾರಾದರೂ ಇದ್ದರೆ ಮುಗಿಯಿತು. ಹಾಗಾಗಿ ಕೆಲಸ ಶುರು ಮಾಡುವ ಮೊದಲು ಗುಂಡಿಯ ಸುತ್ತ ಹಗ್ಗ ಕಟ್ಟಿದೆವು. ಬುಡದ ಕಡೆ ಏಳೆಂಟು ಅಡಿ ಬೊಡ್ಡೆಯನ್ನು ಬೇರಿಗೇ ಬಿಟ್ಟು, ಅದರಾಚೆ ಕೊಯ್ದೆವು. ಅಷ್ಟು ಭಾರ ಇದ್ದರೆ ಬೇರು ಸುಲಭಕ್ಕೆ ಗುಂಡಿಗೆ ಕೂರುವುದಿಲ್ಲ.

ಇನ್ನು ಮರ ಎಲ್ಲೆಲ್ಲಿ ಬಿಗಿದುಕೊಂಡಿದೆ ಎಂದು ನೋಡುವುದು. ಮಲಗಿದ ಮರ ಸುಮ್ನೆ ಮಲಗಿದೆ ಅಂದುಕೊಳ್ಳಬಾರದು. ನಮ್ಮ ಮರದ ಒಂದು ತುದಿ ದರೆಯ ಮೇಲೆ, ಇನ್ನೊಂದು ತುದಿ ಹಳ್ಳದಾಚೆಯ ಬಂಡೆಯ ಮೇಲೆ. ನಡುವೆ ಏನೂ ಆಧಾರವಿಲ್ಲ. ಆಗ ಬೊಡ್ಡೆಯ ಮೇಲ್ಮೈ ಒತ್ತಿಕೊಂಡಿರುತ್ತದೆ, ಕೆಳಮೈ ಎಳೆದುಕೊಂಡಿರುತ್ತದೆ. ಮೇಲಿಂದಲೇ ಪೂರ್ತಿ ಕೊಯ್ಯಲು ಹೋದರೆ ಅರ್ಧ ದಾರಿಯಲ್ಲಿ ಕೊಯ್ತ ಮುಚ್ಚಿಕೊಂಡು ಬಾರನ್ನು (ಚೈನ್ ಸುತ್ತುವ ಉದ್ದ ಪಟ್ಟಿಯನ್ನು) ಕಚ್ಚಿ ಹಿಡಿಯುತ್ತದೆ. ಅದಕ್ಕೇ ಮೇಲಿಂದ ಮೂರನೇ ಒಂದು ಭಾಗ ಮಾತ್ರ ಕೊಯ್ದು, ಬೆಣೆ ಹೊಡೆದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು. ಒಂದೇ ಕಡೆ ಆಧಾರ ಇದ್ದು ಇನ್ನೊಂದು ತುದಿ ಗಾಳಿಯಲ್ಲಿದ್ದರೆ ಲೆಕ್ಕ ತಿರುಗುಮುರುಗು: ಮೊದಲು ಕೆಳಗಿಂದ, ಆಮೇಲೆ ಮೇಲಿಂದ. ಕೊಯ್ತದ ಬಾಯಿ ಒಂದು ಕೂದಲೆಳೆಯಷ್ಟು ಅಗಲವಾಗುತ್ತಿದೆಯೋ, ಮುಚ್ಚುತ್ತಿದೆಯೋ ಎಂದು ನೋಡುತ್ತಲೇ ಇರಬೇಕು. ಮರ ಮುಂದೇನು ಮಾಡುತ್ತದೆ ಅಂತ ಮೊದಲು ಗೊತ್ತಾಗುವುದು ಅಲ್ಲೇ. ಇಳಿಜಾರಿನಲ್ಲಿ ಯಾವತ್ತೂ ಮೇಲ್ಗಡೆ ನಿಲ್ಲಬೇಕು. ಕೊಯ್ದ ದಿಮ್ಮಿ ಉರುಳುವುದು ಕೆಳಕ್ಕೆ.

ನನ್ನ ಮಿಷನ್ನಿನ ಬಾರ್ 20 ಇಂಚು. ಎರಡೂ ಕಡೆಯಿಂದ ಕೊಯ್ದರೆ 40 ಇಂಚಿಗೆ ಸ್ವಲ್ಪ ಕಡಿಮೆ ದಪ್ಪದ ಬೊಡ್ಡೆಯವರೆಗೆ ನಡೆಯುತ್ತದೆ. ಬುಡದ ಕಡೆ ಅದಕ್ಕಿಂತ ದಪ್ಪ ಇತ್ತು. ಪರಿಚಯದವರೊಬ್ಬರ 25 ಇಂಚಿನದನ್ನು ತಂದೆ. ಸಣ್ಣ ಎಂಜಿನ್ನಿಗೆ ಉದ್ದ ಬಾರ್ ಹಾಕಿಕೊಂಡು ಒದ್ದಾಡುವವರಿದ್ದಾರೆ, ಅದು ಬೇಡ. ಚೈನ್ ನಿಧಾನವಾಗುತ್ತದೆ, ಕ್ಲಚ್ ಸುಡುತ್ತದೆ, ನಾವೂ ಸುಮ್ನೆ ಬಲ ಹಾಕಿ ಒತ್ತಲು ಶುರು ಮಾಡುತ್ತೇವೆ. ದೊಡ್ಡ ಬೊಡ್ಡೆಯೊಳಗೆ ಬಾರಿನ ತುದಿ ಕಣ್ಣಿಗೆ ಕಾಣುವುದೂ ಇಲ್ಲ. ತುದಿಯ ಮೇಲ್ಭಾಗ ಎಲ್ಲಾದರೂ ತಾಗಿದರೆ ಮಿಷನ್ ಮುಖದ ಕಡೆಗೇ ಹಾರುತ್ತದೆ. ಪಂಚೆ ಎತ್ತಿಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಮರ ಕೊಯ್ಯುವವರನ್ನು ನಮ್ಮೂರಲ್ಲಿ ದಿನಾ ನೋಡುತ್ತೇನೆ. ನೋಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಬೂಟು, ಹೆಲ್ಮೆಟ್, ಕಿವಿಗೆ ಮುಚ್ಚಳ, ತೊಡೆಗೆ ಚೈನ್ ತಡೆಯುವ ಚಾಪ್ಸ್ ಇಷ್ಟು ಹಾಕಿಕೊಳ್ಳಿ, ದಯವಿಟ್ಟು. ಚಾಪ್ಸಿನೊಳಗಿನ ಎಳೆಗಳು ಚೈನಿಗೆ ಸುತ್ತಿಕೊಂಡು ಅದನ್ನು ಅಲ್ಲೇ ನಿಲ್ಲಿಸುತ್ತವೆ. ಒಬ್ಬರೇ ಹೋಗಬೇಡಿ. ಪಕ್ಕದ ಮನೆಯ ಹುಡುಗ ನನ್ನ ಜೊತೆಗೇ ಇದ್ದ. ಅವನ ಕೆಲಸ ಬೆಣೆ ಹೊಡೆಯುವುದು, ಮರ ಅಲುಗಿದರೆ ನನ್ನ ಕಣ್ಣಿಗೆ ಬೀಳುವ ಹಾಗೆ ಕೈ ಎತ್ತುವುದು.

ಮಾವಿನ ಸೊನೆಯನ್ನೂ ಮರೆಯಬಾರದು. ಹಸಿ ಮರ ಕೊಯ್ದರೆ ಮೈಗೆ ತಾಗಿದಲ್ಲಿ ಉರಿ, ತುರಿಕೆ. ಪೂರ್ತಿ ತೋಳಿನ ಅಂಗಿ ಹಾಕಿದ್ದೆ, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಮಾವಿನ ಕುಟುಂಬದ್ದೇ ಆದ ಹೊಲಗೇರು ಮರವನ್ನಂತೂ ನಾನು ಮುಟ್ಟುವುದೇ ಇಲ್ಲ. ಅದರ ಸೊನೆಗೆ ಮೈಯೆಲ್ಲ ಗುಳ್ಳೆ ಏಳುತ್ತದೆ.

ಪೆಟ್ರೋಲ್ ಲೀಟರಿಗೆ 20 ಮಿಲಿ ಟೂ-ಟಿ (ಟೂ-ಸ್ಟ್ರೋಕ್ ಎಂಜಿನ್ನಿನ) ಎಣ್ಣೆ. ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಚೈನಿನ ಎಣ್ಣೆಯನ್ನೂ ತುಂಬಿಸಬೇಕು, ಚೈನನ್ನು ಅರದಿಂದ ಎರಡೆರಡು ಸಲ ಉಜ್ಜಬೇಕು. ಹಳ್ಳದ ದಂಡೆಯ ಮರದ ತೊಗಟೆಯಲ್ಲಿ ಮರಳು ಕೂತಿರುತ್ತದೆ, ಹರಿತ ಬೇಗ ಹೋಗುತ್ತದೆ. ಹೆರೆ ಹೆರೆಯಾಗಿ ಬರುತ್ತಿದ್ದರೆ ಚೈನ್ ಸರಿ ಇದೆ. ಹಿಟ್ಟಿನಂಥ ಪುಡಿ ಬಂದರೆ ನಿಲ್ಲಿಸಿ, ಅರ ತೆಗೆಯಿರಿ.

ದಿಮ್ಮಿಗಳನ್ನು ಒಂದೂವರೆ ಅಡಿಗೆ ಕೊಯ್ದದ್ದು ನಮ್ಮ ಒಲೆಯ ಅಳತೆಗೆ. ಅಷ್ಟು ದಪ್ಪದ್ದನ್ನು ಕೊಡಲಿಯಲ್ಲಿ ಸೀಳಲು ಹೋದರೆ ಬೆನ್ನು ಹೋಗುತ್ತದೆ. ಮಾವಿನ ನಾರು ಒಳಗೊಳಗೇ ಹೆಣೆದುಕೊಂಡಿರುತ್ತದೆ, ಕೊಡಲಿ ಪುಟಿಯುತ್ತದೆ. ದಿಮ್ಮಿಯನ್ನು ಮಗ್ಗುಲಿಗೆ ಮಲಗಿಸಿ, ನಾರಿನ ಉದ್ದಕ್ಕೆ ಮಿಷನ್ನಿನಲ್ಲೇ ಕೊಯ್ದರೆ ಎರಡು ಹೋಳು, ಮತ್ತೆ ಕೊಯ್ದರೆ ನಾಲ್ಕು. ಉದ್ದುದ್ದ ಎಳೆಗಳು ಬಂದು ಚೈನಿನ ಮುಚ್ಚಳದ ಹತ್ತಿರ ಕಟ್ಟಿಕೊಳ್ಳುತ್ತವೆ. ಆಗಾಗ ಎಂಜಿನ್ ಆಫ್ ಮಾಡಿ ಬಿಡಿಸಬೇಕು. ನಾಲ್ಕಾದ ಮೇಲೆ ಕೊಡಲಿ, ಬೆಣೆ ಸಾಕು.

ಹಸಿ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ನೀರೇ. ಅದನ್ನು ಈ ವರ್ಷವೇ ಒಲೆಗಿಟ್ಟರೆ ಹೊಗೆ ಕುಡಿಯಬೇಕಷ್ಟೇ. ಮಾವಿಗೆ ಹುಳವೂ ಬೇಗ ಹಿಡಿಯುತ್ತದೆ. ಹಾಗಾಗಿ ತಡಮಾಡದೆ ಸೀಳಿ, ಒರಲೆ ಹತ್ತದ ಹಾಗೆ ಕಲ್ಲಿನ ಮೇಲೆ, ಗಾಳಿ ಆಡುವಂತೆ ಸಂದು ಬಿಟ್ಟು ಒಟ್ಟಿದ್ದೇವೆ. ಈ ಸಲದ ಅಡಿಕೆಗೆ ಹೋದ ವರ್ಷದ ಅಕೇಶಿಯಾ ಇದೆ. ಈ ಮಾವು ಮುಂದಿನ ವರ್ಷಕ್ಕೆ. ಬುಡದ ಆ ಏಳೆಂಟು ಅಡಿಯನ್ನು ಬೇರಿನ ಸಮೇತ ಅಲ್ಲೇ ಬಿಟ್ಟಿದ್ದೇವೆ, ದರೆ ಕುಸಿಯದಿರಲಿ ಅಂತ.