ತೋಪಿನ ಬಾಯಲ್ಲಿರುವ ಸಿಂಹ, ಪ್ರಕಟನೆಯಲ್ಲಿರುವ ಮೃಗ

2021ರಲ್ಲಿ ಕೊರೊನಾ ಲಸಿಕೆ ಹಾಕಿಸಿಕೊಂಡು ಬರೋಣ ಅಂತ ಕರೆದರೆ ನಮ್ಮ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. "ಒಲ್ಲೆಪ್ಪಾ, ಅದು ಮೃಗದ ಗುರುತಂತ, ಮೊಬೈಲ್‌ನ್ಯಾಗ ಬಂದದ" ಅಂದರು. ಕೈಯಲ್ಲಿ ಬೈಬಲ್ ಇತ್ತು, ಅದರ ಕೊನೆಯ ಪುಸ್ತಕ ಪ್ರಕಟನೆಯ 13ನೇ ಅಧ್ಯಾಯ ತೆರೆದಿತ್ತು, ಮೃಗವೊಂದು ಜನರಿಗೆ ತನ್ನ ಗುರುತು ಹಾಕಿಸುವ ಅಧ್ಯಾಯ ಅದು. ನಾನು ಸಿಟ್ಟಿನಿಂದ ಕೂಗಾಡಿದೆ. ಈಗ ನೆನೆಸಿಕೊಂಡರೆ ಬೇಜಾರಾಗುತ್ತೆ, ಯಾಕೆಂದರೆ ಅವರ ಭಯ ನಿಜವಾದದ್ದು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರದ ಒಂದು ತುದಿ ನನಗೆ ಸಿಕ್ಕಿದ್ದು ನಮ್ಮ ವಿಜಯಪುರದಲ್ಲೇ. ಸಿಂಹ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆಯಲ್ಲ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಅದರ ಬಾಯಿ ಹತ್ತಿರ ಹೋಗಿ ನೋಡಿ. ಬಾಯ್ತೆರೆದ ಸಿಂಹದ ತಲೆ. ದವಡೆಯಲ್ಲಿ ಸಿಕ್ಕಿಬಿದ್ದ ಆನೆ, ಸಿಂಹದ ಮುಂದೆ ಅದು ಇಲಿಯಷ್ಟು. ಈ ಪ್ರಾಣಿ ಯಾವ ಕಾಡಲ್ಲಿದೆ ಅಂತ ಶಾಲೆ ಮಕ್ಕಳೂ ಕೇಳಲ್ಲ. ಇದು ರಾಜನ ಬಲ, ಎದುರು ನಿಂತವನಿಗೆ ಇದೇ ಗತಿ ಅಂತ ನೋಡಿದ ಕೂಡಲೇ ತಿಳಿಯುತ್ತೆ.

ಪ್ರಕಟನೆ ಬರೆದ ಯೋಹಾನನ ಮೃಗವನ್ನೂ ಮೊದಲು ಕೇಳಿದವರು ಹೀಗೇ ತಿಳಿದಿರಬೇಕು. ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ, ಏಳು ತಲೆ, ಹತ್ತು ಕೊಂಬು. ಇವೆಲ್ಲ ಬೈಬಲ್‌ನ ಇನ್ನೂ ಹಳೆಯ ಪುಸ್ತಕ ದಾನಿಯೇಲನ 7ನೇ ಅಧ್ಯಾಯದಿಂದ ಬಂದವು. ಅಲ್ಲಿ ನಾಲ್ಕು ಮೃಗಗಳು ಬೇರೆ ಬೇರೆ, ಅವು ನಾಲ್ಕು ರಾಜರು ಅಂತ ಅದೇ ಅಧ್ಯಾಯ ಬಿಡಿಸಿ ಹೇಳುತ್ತೆ. ಯೋಹಾನ ನಾಲ್ಕನ್ನೂ ಒಂದೇ ಮೈಯಲ್ಲಿ ಸೇರಿಸಿಬಿಟ್ಟ. ಏಳು ತಲೆ ಅಂದರೆ ಏಳು ಬೆಟ್ಟ ಅಂತ 17ನೇ ಅಧ್ಯಾಯ ಹೇಳುತ್ತೆ, ಏಳು ಬೆಟ್ಟದ ಊರು ರೋಮ್ ಅಂತ ಆಗ ಎಲ್ಲರಿಗೂ ಗೊತ್ತಿತ್ತು. ಮೃಗದ ಸಂಖ್ಯೆ ಅಂತ ಅಲ್ಲಿ ಕೊಟ್ಟಿರುವ 666 ಕೂಡ ಅಷ್ಟೇ. ಹೀಬ್ರೂ ಅಕ್ಷರಗಳಿಗೆ ಬೆಲೆ ಇರುತ್ತೆ, 'ನೆರೋನ್ ಕೇಸರ್', ಅಂದರೆ ರೋಮ್‌ನ ಚಕ್ರವರ್ತಿ ನೀರೋ, ಅಂತ ಬರೆದು ಕೂಡಿಸಿದರೆ 666. ಕೊನೆಯ 'ನ್' ಬಿಟ್ಟರೆ 50 ಕಡಿಮೆಯಾಗಿ 616, ಕೆಲವು ಹಳೆಯ ಪ್ರತಿಗಳಲ್ಲಿ ಇರುವುದೂ 616!

ಹಾಗಂತ ನೀರೋ ಸತ್ತ, ಕಥೆ ಮುಗೀತು ಅಂತ ನಾನು ಹೇಳ್ತಿಲ್ಲ. ಸಂಕೇತ ಅಂದರೆ ಸುಳ್ಳು ಅಲ್ಲ. ಮೃಗಕ್ಕೆ ಬಲ ಕೊಡೋದು ಘಟಸರ್ಪ, ಅದು ಸೈತಾನನೇ ಅಂತ 12ನೇ ಅಧ್ಯಾಯ ನೇರವಾಗಿ ಹೇಳುತ್ತೆ. ಮನುಷ್ಯರ ಅಧಿಕಾರ ದೇವರ ಜಾಗದಲ್ಲಿ ಕೂತು ನನಗೆ ಅಡ್ಡಬೀಳು ಅಂದಾಗೆಲ್ಲ ಆ ಮೃಗ ಮತ್ತೆ ಎದ್ದಿದೆ ಅಂತ ನಾನು ನಂಬಿದ್ದೇನೆ. ನನಗೆ ಜಾಸ್ತಿ ಭಯ ಆಗೋದು ಅದೇ 13ನೇ ಅಧ್ಯಾಯದಲ್ಲಿ ಬರುವ ಎರಡನೇ ಮೃಗದ್ದು. ಅದಕ್ಕೆ ಕುರಿಮರಿಯಂಥ ಎರಡು ಕೊಂಬು, ಮಾತು ಮಾತ್ರ ಘಟಸರ್ಪದ್ದು. ನೋಡಿದರೆ ಸಾಧು, ಅಲ್ವಾ? ಕಿವಿಗೊಟ್ಟು ಕೇಳಿದರೆ ಮಾತ್ರ ಗೊತ್ತಾಗೋದು.

ಇನ್ನು ಆ ಗುರುತು. ಬಲಗೈ ಅಥವಾ ಹಣೆಯ ಮೇಲೆ ಮೃಗದ ಗುರುತು, ಅದಿಲ್ಲದವನು ಕೊಳ್ಳೋ ಹಾಗಿಲ್ಲ, ಮಾರೋ ಹಾಗಿಲ್ಲ. ಇಲ್ಲಿಗೇ ಎಲ್ಲರೂ ನಿಲ್ಲಿಸಿಬಿಡ್ತಾರೆ. ಇನ್ನೊಂದೇ ವಚನ ದಾಟಿದರೆ 14:1. ಚೀಯೋನ್ ಬೆಟ್ಟದ ಮೇಲೆ ಕುರಿಮರಿ, ಅಂದರೆ ಯೇಸು, ಜೊತೆಗೆ 1,44,000 ಜನ, ಅವರ ಹಣೆಯ ಮೇಲೆ ಕುರಿಮರಿಯ ಹೆಸರು, ತಂದೆಯ ಹೆಸರು. ಆ ಹೆಸರನ್ನು ಯಾರೂ ಚರ್ಮದ ಮೇಲೆ ಹುಡುಕಲ್ಲ. ಅವರು ಯಾರಿಗೆ ಸೇರಿದವರು ಅಂತ ಅಷ್ಟೇ ತಿಳಿಯುತ್ತೇವೆ. ಹಾಗಾದರೆ ಮೃಗದ ಗುರುತನ್ನು ಮಾತ್ರ ಸೂಜಿಯಲ್ಲಿ ಯಾಕೆ ಹುಡುಕಬೇಕು?

ಮೊನ್ನೆ ಅತ್ತೆಯ ಪಕ್ಕ ಕೂತು ಇದನ್ನೇ ತೋರಿಸಿದೆ. ಕನ್ನಡಕ ಏರಿಸಿಕೊಂಡು, ಬೆರಳಿಟ್ಟು, 14:1ನ್ನು ಎರಡು ಸಲ ಓದಿದರು. ಆಮೇಲೆ ನನ್ನ ಮುಖ ನೋಡಿ, "ಹಂಗಾದ್ರ ಈ ವಚನ ಯಾರೂ ನನಗ ಕಳಸಲೇ ಇಲ್ಲಲ್ಲಪ್ಪಾ" ಅಂದರು.